ಗಾದಿಯಿಂದ ಗಣಕಕ್ಕೆ: ಅಂಗಡಿಯ ಲೆಕ್ಕದ ಮೇಜಿನ ಸರಿಯಾದ ವ್ಯವಸ್ಥೆ

ಬೀದರ ನಗರದ ಗಾಂಧಿ ಗಂಜಿನ ಹಳೆಯ ಅಡತಿ ಅಂಗಡಿಗಳಲ್ಲಿ ಗಾದಿ, ಲೋಡು ಹಾಗೂ ಇಳಿಜಾರಾದ ಮರದ ಡೆಸ್ಕು, ಈ ಮೂರೂ ಸೇರಿ ಮುನೀಮರ ಕಚೇರಿಯಾಗಿತ್ತು. ಕಿರ್ದಿ, ಖತಾವಣಿ, ತಕ್ಪಟ್ಟಿ ಎಲ್ಲವೂ ಅಲ್ಲಿಯೇ ಬರೆಯಲ್ಪಡುತ್ತಿದ್ದವು. ಇಂದು ಅದೇ ಅಂಗಡಿಗಳಲ್ಲಿ ಗಣಕಯಂತ್ರ ಬಂದು ಕುಳಿತಿದೆ. ಭಾಲ್ಕಿ ಮತ್ತು ಔರಾದದ ಮಾರುಕಟ್ಟೆಗಳಲ್ಲಿಯೂ ಕಿರಾಣಿ, ಬಟ್ಟೆ, ಬೀಜ-ಗೊಬ್ಬರದ ಅಂಗಡಿಗಳು ಗಣಕೀಕೃತ ಲೆಕ್ಕಕ್ಕೆ ಹೊಂದಿಕೊಂಡಿವೆ. ಆದರೆ ಯಂತ್ರವನ್ನು ಕೊಳ್ಳುವಾಗ ಅದರ ಸಾಮರ್ಥ್ಯ, ಪ್ರಿಂಟರು, ಯು.ಪಿ.ಎಸ್. ಮುಂತಾದವುಗಳ ಬಗ್ಗೆ ನಡೆದಷ್ಟು ವಿಚಾರ, ಅದರ ಮುಂದೆ ದಿನವಿಡೀ ಕುಳಿತುಕೊಳ್ಳುವ ವ್ಯಕ್ತಿಯ ಆಸನದ ಬಗ್ಗೆ ನಡೆಯುವುದು ಅಪರೂಪ. ಗಲ್ಲಾದ ಮೇಲೆ ಪರದೆ, ಪಕ್ಕದಲ್ಲಿ ಬಿಲ್ಲುಗಳ ಕಟ್ಟು, ಎದುರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ: ಬಹುಪಾಲು ಅಂಗಡಿಗಳಲ್ಲಿ ಲೆಕ್ಕದ ಕೋಣೆ ಎಂದರೆ ಇಷ್ಟೇ.

ಇದರ ಪರಿಣಾಮ ಎರಡು ಬಗೆಯದು. ಮೊದಲನೆಯದು ಕತ್ತು, ಸೊಂಟ, ಮಣಿಕಟ್ಟು ಹಾಗೂ ಕಣ್ಣುಗಳ ನೋವು. ಇದನ್ನು ಅನುಭವಿಸುವವರು ಲೆಕ್ಕ ಬರೆಯುವವರು. ಎರಡನೆಯದು ದಣಿದ ಕಣ್ಣು-ಕೈಗಳಿಂದ ಆಗುವ ತಪ್ಪು ನಮೂದುಗಳು. ಇದರ ಬೆಲೆಯನ್ನು ತೆರುವವರು ಮಾಲೀಕರು. ಆದ್ದರಿಂದ ಆಸನ ವ್ಯವಸ್ಥೆಯನ್ನು ಸೌಕರ್ಯದ ಪ್ರಶ್ನೆಯೆಂದು ಮಾತ್ರ ತಿಳಿಯದೆ, ವ್ಯವಹಾರದ ಪ್ರಶ್ನೆಯೆಂದೂ ಪರಿಗಣಿಸುವುದು ಅವಶ್ಯಕವಾಗಿದೆ.

ಹಳೆಯ ಗಾದಿಯ ವಿವೇಕ

ಮನುಷ್ಯನ ದೇಹಕ್ಕೆ ತಕ್ಕಂತೆ ಕೆಲಸವನ್ನು ಹೊಂದಿಸುವ ಶಾಸ್ತ್ರಕ್ಕೆ ‘ಎರ್ಗೊನಾಮಿಕ್ಸ್’ ಎಂದು ಹೆಸರು. ಕೆಲಸ ಮತ್ತು ನಿಯಮ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಈ ಹೆಸರನ್ನು 1857ರಲ್ಲಿ ಪೋಲೆಂಡಿನ ವಿದ್ವಾಂಸ ಯಾಸ್ತ್ರಝೆಂಬೋವ್‌ಸ್ಕಿ ಬಳಕೆಗೆ ತಂದರು. ಹೆಸರು ಹೊರಗಿನದಾದರೂ ಅದರ ತತ್ತ್ವ ಬೀದರಿಗೆ ಹೊಸದಲ್ಲ. ಬಿದ್ರಿ ಕುಶಲಕರ್ಮಿಯು ಪಾತ್ರೆಯ ಮೇಲೆ ಚಿತ್ತಾರ ಕೊರೆಯುವ ಮೊದಲು ಅದನ್ನು ಮೇಣದಿಂದ ಗಟ್ಟಿಯಾಗಿ ನಿಲ್ಲಿಸಿಕೊಳ್ಳುತ್ತಾನೆ. ಇದರಿಂದ ಎರಡೂ ಕೈಗಳು ಬಿಡುವಾಗಿ, ಕೆಲಸವು ಕಣ್ಣಿಗೂ ಉಳಿಗೂ ಅನುಕೂಲವಾದ ಸ್ಥಾನಕ್ಕೆ ಬರುತ್ತದೆ. ಕೆಲಸವನ್ನು ಕೆಲಸಗಾರನ ಬಳಿಗೆ ತರಬೇಕೇ ಹೊರತು ಕೆಲಸಗಾರನು ಅದರತ್ತ ಬಾಗಬಾರದು ಎಂಬುದೇ ಈ ಶಾಸ್ತ್ರದ ತಿರುಳು.

ಮುನೀಮರ ಗಾದಿಯಲ್ಲಿಯೂ ಇದೇ ವಿವೇಕವಿತ್ತು. ಡೆಸ್ಕಿನ ಇಳಿಜಾರು ಪುಸ್ತಕವನ್ನು ಕಣ್ಣಿನತ್ತ ಎತ್ತಿ ಕೊಡುತ್ತಿತ್ತು. ಲೋಡು ಸೊಂಟಕ್ಕೆ ಆಸರೆಯಾಗಿತ್ತು. ತೂಕ ನೋಡಲು, ಸವಾಲಿಗೆ ಹೋಗಲು, ರೈತರೊಡನೆ ಮಾತನಾಡಲು ಮುನೀಮರು ಮೇಲಿಂದ ಮೇಲೆ ಏಳುತ್ತಿದ್ದರು. ಗಾದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಗ್ಗಿ ಕುಳಿತವರಿಗೆ ಈ ಮೂರರಲ್ಲಿ ಒಂದೂ ದೊರೆಯುವುದಿಲ್ಲ. ಪುಸ್ತಕ ಹೋಯಿತು, ಅದರೊಂದಿಗೆ ಇಳಿಜಾರೂ ಹೋಯಿತು. ಬಗ್ಗುವುದು ಮಾತ್ರ ಉಳಿಯಿತು.

ಹೆಚ್ಚಿದ ಗಂಟೆಗಳು

ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆಯು 1 ಏಪ್ರಿಲ್ 2005ರಿಂದ ಜಾರಿಗೆ ಬಂದಾಗ ಅನೇಕ ವರ್ತಕರಿಗೆ ಗಣಕಯಂತ್ರವು ತಿಂಗಳ ಕೊನೆಯ ಸಾಧನವಷ್ಟೇ ಆಗಿತ್ತು. 1 ಜುಲೈ 2017ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಬಿಲ್ಲುಗಳ ವಿವರವೂ ಅಂತರಜಾಲದ ಮೂಲಕ ಸಲ್ಲಿಕೆಯಾಗಬೇಕಾಯಿತು. 1 ಏಪ್ರಿಲ್ 2018ರಿಂದ ಇ-ವೇ ಬಿಲ್ ಬಂದಿತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಜಾರಿಗೊಳಿಸಿದ ರಾಜ್ಯ ಕರ್ನಾಟಕವೇ. 1 ಆಗಸ್ಟ್ 2023ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದ ವ್ಯವಹಾರಸ್ಥರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಹೀಗೆ ತಿಂಗಳಿಗೊಮ್ಮೆ ನಡೆಯುತ್ತಿದ್ದ ಕೆಲಸ ದಿನದ ಕೆಲಸವಾಗಿ, ಈಗ ಲಾರಿ ಹೊರಡುವ ಕ್ಷಣದ ಕೆಲಸವಾಗಿದೆ. ಪರದೆಯ ಮುಂದೆ ಕಳೆಯುವ ಗಂಟೆಗಳು ಹೆಚ್ಚಿದವು. ಕುರ್ಚಿ ಮಾತ್ರ ಹಳೆಯದೇ ಉಳಿಯಿತು.

ತಪ್ಪಿನ ಬೆಲೆ

ದಣಿದ ವ್ಯಕ್ತಿಯಿಂದ ಆಗುವ ಸಾಮಾನ್ಯ ತಪ್ಪು ಎಂದರೆ ಅಂಕಿಗಳ ಅದಲು ಬದಲು. 5,400 ರೂ. ಎಂಬುದನ್ನು 4,500 ರೂ. ಎಂದು ನಮೂದಿಸಿದರೆ 900 ರೂ. ವ್ಯತ್ಯಾಸ ಬರುತ್ತದೆ. ಪಕ್ಕಪಕ್ಕದ ಎರಡು ಅಂಕಿಗಳು ಅದಲು ಬದಲಾದಾಗ ಬರುವ ವ್ಯತ್ಯಾಸವು ಯಾವಾಗಲೂ 9ರಿಂದ ಭಾಗವಾಗುತ್ತದೆ ಎಂಬುದು ಹಳೆಯ ಮುನೀಮರಿಗೆ ತಿಳಿದ ಸೂತ್ರ. ತಾಳೆ ನೋಡುವಾಗ ಇಂತಹ ವ್ಯತ್ಯಾಸಗಳು ಮೇಲಿಂದ ಮೇಲೆ ಕಂಡುಬಂದರೆ, ಲೆಕ್ಕ ಬರೆಯುವವರ ಜಾಣ್ಮೆಯನ್ನು ಶಂಕಿಸುವ ಮೊದಲು ಅವರ ಕುರ್ಚಿ, ಬೆಳಕು ಮತ್ತು ಕೆಲಸದ ವೇಳೆಯನ್ನು ಪರಿಶೀಲಿಸುವುದು ಒಳಿತು.

ಖರೀದಿದಾರರ 15 ಅಕ್ಷರಾಂಕಗಳ ಜಿ.ಎಸ್.ಟಿ. ನೋಂದಣಿ ಸಂಖ್ಯೆ ತಪ್ಪಾಗಿ ದಾಖಲಾದರೆ ಆ ಬಿಲ್ಲು ಅವರ ಜಿ.ಎಸ್.ಟಿ.ಆರ್-2ಬಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅವರಿಗೆ ತೆರಿಗೆಯ ಜಮೆ ದೊರೆಯುವುದಿಲ್ಲ. ಮಾರಿದವರಿಗೆ ಹಣ ಬರುವುದು ತಡವಾಗುತ್ತದೆ. ಇ-ಇನ್‌ವಾಯ್ಸ್ ಅನ್ನು ರದ್ದುಪಡಿಸಲು 24 ಗಂಟೆಗಳ ಅವಕಾಶ ಮಾತ್ರ ಇದೆ. ಮಾಸಿಕ ಜಿ.ಎಸ್.ಟಿ.ಆರ್-3ಬಿ ತಡವಾದರೆ, ತೆರಿಗೆ ಬಾಕಿಯಿದ್ದಲ್ಲಿ ದಿನಕ್ಕೆ 50 ರೂ. ವಿಳಂಬ ಶುಲ್ಕ ಹಾಗೂ ಬಾಕಿಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. ಒಳ್ಳೆಯ ಕುರ್ಚಿಯೊಂದೇ ಇವೆಲ್ಲವನ್ನೂ ತಡೆಯಲಾರದು, ನಿಜ. ಆದರೆ ತಪ್ಪು ಹುಟ್ಟುವ ಒಂದು ಕಾರಣವನ್ನು ಅದು ಕಡಿಮೆ ಮಾಡುತ್ತದೆ.

ಮೊದಲು ಮನುಷ್ಯನ ಅಳತೆ, ನಂತರ ಮೇಜಿನ ಅಳತೆ

ಮಾರುಕಟ್ಟೆಯಲ್ಲಿ ದೊರೆಯುವ ಮೇಜುಗಳ ಎತ್ತರ ಸಾಮಾನ್ಯವಾಗಿ 30 ಅಂಗುಲ. ಕೆಲಸ ಮಾಡುವವರ ಎತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಆದ್ದರಿಂದ ಕೊಳ್ಳುವ ಅಥವಾ ಬಡಗಿಗೆ ಹೇಳುವ ಮೊದಲು ಎರಡು ಅಳತೆಗಳನ್ನು ತೆಗೆದುಕೊಳ್ಳತಕ್ಕದ್ದು.

1. ಪಾದಗಳು ನೆಲಕ್ಕೆ ಸಮನಾಗಿ ತಾಗುವಂತೆ ಕುಳಿತಾಗ ನೆಲದಿಂದ ಮೊಣಕಾಲಿನ ಹಿಂಭಾಗದವರೆಗಿನ ಎತ್ತರ. ಇದು ಆಸನದ ಎತ್ತರ.

2. ಭುಜಗಳನ್ನು ಸಡಿಲಬಿಟ್ಟು ಮೊಣಕೈ ಮಡಚಿದಾಗ ಆಸನದಿಂದ ಮೊಣಕೈವರೆಗಿನ ಎತ್ತರ. ಇದನ್ನು ಮೊದಲಿನ ಅಳತೆಗೆ ಕೂಡಿಸಿದರೆ ಕೀಲಿಮಣೆ ಇರಬೇಕಾದ ಎತ್ತರ ದೊರೆಯುತ್ತದೆ.

ಉದಾಹರಣೆಗೆ ಮೊದಲನೆಯ ಅಳತೆ 16½ ಅಂಗುಲ, ಎರಡನೆಯದು 9½ ಅಂಗುಲ ಎಂದಿಟ್ಟುಕೊಂಡರೆ ಕೀಲಿಮಣೆ 26 ಅಂಗುಲ ಎತ್ತರದಲ್ಲಿರಬೇಕು. ಮೇಜು 30 ಅಂಗುಲವಿದ್ದರೆ 4 ಅಂಗುಲದ ವ್ಯತ್ಯಾಸ. ಈ ವ್ಯತ್ಯಾಸವನ್ನು ಸರಿದೂಗಿಸಲು ದೇಹವು ದಿನವಿಡೀ ಭುಜಗಳನ್ನು ಮೇಲೆತ್ತಿ ಹಿಡಿಯುತ್ತದೆ. ಸಂಜೆಯ ಕತ್ತುನೋವಿಗೆ ಇದೂ ಒಂದು ಕಾರಣ. ಪರಿಹಾರ ಎರಡು. ಮೇಜಿನ ಕೆಳಗೆ 26 ಅಂಗುಲ ಎತ್ತರದಲ್ಲಿ ಕೀಲಿಮಣೆಗೆ ಜಾರು ಹಲಗೆಯೊಂದನ್ನು ಬಡಗಿಯಿಂದ ಕೂಡಿಸಬಹುದು. ಅಥವಾ ಕುರ್ಚಿಯನ್ನು 4 ಅಂಗುಲ ಏರಿಸಿ, ಪಾದಗಳ ಕೆಳಗೆ ಅಷ್ಟೇ ಎತ್ತರದ ಮರದ ಮಣೆ ಇಡಬಹುದು. ಕಾಲು ತೂಗಾಡುವಂತೆ ಕುಳಿತರೆ ತೊಡೆಯ ಕೆಳಭಾಗ ಒತ್ತಲ್ಪಟ್ಟು ಕಾಲು ಜೋಮು ಹಿಡಿಯುವುದರಿಂದ ಮಣೆಯನ್ನು ಮರೆಯಬಾರದು.

ಅನೇಕ ಅಂಗಡಿಗಳಲ್ಲಿ ಮಾಲೀಕರಿಗೆ ಹೊಂದುವ ಕುರ್ಚಿಯಲ್ಲಿಯೇ ಅವರಿಗಿಂತ ಗಿಡ್ಡಗಿರುವ ಯುವಕ ಅಥವಾ ಯುವತಿ ದಿನವಿಡೀ ಕುಳಿತಿರುತ್ತಾರೆ. ಇಬ್ಬರು ಒಂದೇ ಸ್ಥಳದಲ್ಲಿ ಸರದಿಯಂತೆ ಕೆಲಸ ಮಾಡುವಲ್ಲಿ ಎತ್ತರ ಬದಲಿಸಬಹುದಾದ ಕುರ್ಚಿಯೇ ಸೂಕ್ತ. ಕುರ್ಚಿಯ ಬೆನ್ನು ಸೊಂಟದ ಒಳಬಾಗಿಗೆ ಆಸರೆ ನೀಡಬೇಕು. ಅದಿಲ್ಲದಿದ್ದಲ್ಲಿ ಸುತ್ತಿದ ಟವೆಲ್ ಅಥವಾ ಚಿಕ್ಕ ಲೋಡು ಸಾಕು. ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು-ಮೂರು ಬೆರಳುಗಳಷ್ಟು ಅಂತರವಿರಬೇಕು.

ಗಲ್ಲಾದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅದರ ಕೆಳಗೆ ಹಣದ ಪೆಟ್ಟಿಗೆ, ಹಳೆಯ ಪುಸ್ತಕಗಳು, ಯು.ಪಿ.ಎಸ್. ತುಂಬಿಕೊಂಡು ಕಾಲು ಚಾಚಲು ಜಾಗವೇ ಇರುವುದಿಲ್ಲ. ಆಗ ಕುಳಿತವರು ಕಾಲುಗಳನ್ನು ಒಂದು ಬದಿಗೆ, ಮುಖವನ್ನು ಇನ್ನೊಂದು ಬದಿಗೆ ತಿರುಗಿಸಿ ಕೆಲಸ ಮಾಡುತ್ತಾರೆ. ಕಾಲಿನ ಜಾಗವನ್ನು ತೆರವು ಮಾಡುವುದು ಒಂದು ಪೈಸೆಯೂ ಖರ್ಚಿಲ್ಲದ ಸುಧಾರಣೆ.

ಪರದೆ, ಕೀಲಿಮಣೆ ಮತ್ತು ಬಿಲ್ಲುಗಳು

ಪರದೆಯು ಮುಖದ ನೇರ ಎದುರಿಗೆ, ಚಾಚಿದ ಕೈಯಷ್ಟು ದೂರದಲ್ಲಿರಬೇಕು. ಅಂದರೆ ಸುಮಾರು 50ರಿಂದ 70 ಸೆಂ.ಮೀ. ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿರಬೇಕು. ಆದರೆ ಓದಲು ಮತ್ತು ದೂರ ನೋಡಲು ಎರಡು ಭಾಗಗಳಿರುವ ಬೈಫೋಕಲ್ ಕನ್ನಡಕ ಧರಿಸುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರು ಗಾಜಿನ ಕೆಳಭಾಗದಿಂದ ಪರದೆ ನೋಡಲು ಗದ್ದವನ್ನು ಮೇಲೆತ್ತುವುದರಿಂದ ಕತ್ತು ನೋಯುತ್ತದೆ. ಹಿರಿಯ ಮುನೀಮರಿಗೆ ಪರದೆಯನ್ನು ಇನ್ನಷ್ಟು ಕೆಳಗಿಳಿಸಬೇಕು, ಅಥವಾ ಪರದೆಯ ದೂರಕ್ಕಾಗಿಯೇ ಪ್ರತ್ಯೇಕ ಕನ್ನಡಕ ಮಾಡಿಸಿಕೊಡಬೇಕು.

ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದು ಸರಿಯಾದರೆ ಇನ್ನೊಂದು ತಪ್ಪುತ್ತದೆ. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬಳಸುವವರು ಅದನ್ನು ಹಳೆಯ ಲೆಕ್ಕದ ಪುಸ್ತಕಗಳ ಮೇಲಿಟ್ಟು ಎತ್ತರಿಸಿ, ಬೇರೆ ಕೀಲಿಮಣೆ ಮತ್ತು ಮೌಸ್ ಜೋಡಿಸಿಕೊಳ್ಳುವುದು ಉತ್ತಮ. ಬಲಬದಿಯಲ್ಲಿ ಅಂಕಿಗಳ ಗುಂಪಿರುವ ದೊಡ್ಡ ಕೀಲಿಮಣೆ ಲೆಕ್ಕದ ಕೆಲಸಕ್ಕೆ ಹೆಚ್ಚು ಅನುಕೂಲ. ಟೈಪು ಮಾಡುವಾಗ ಮಣಿಕಟ್ಟು ಮೇಲಕ್ಕಾಗಲಿ ಬದಿಗಾಗಲಿ ಬಾಗದೆ ನೇರವಾಗಿರಬೇಕು. ಮೇಜಿನ ಚೂಪಾದ ಅಂಚಿನ ಮೇಲೆ ಒರಗಬಾರದು.

ವರ್ತಕರಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಬೆಂಗಳೂರಿನ ಟ್ಯಾಲಿ ತಂತ್ರಾಂಶದ ಹೆಚ್ಚಿನ ಕೆಲಸವನ್ನು ಕೀಲಿಗಳಿಂದಲೇ ಮಾಡಬಹುದು. ಪಾವತಿಗೆ ಎಫ್5, ಸ್ವೀಕೃತಿಗೆ ಎಫ್6, ಜರ್ನಲಿಗೆ ಎಫ್7, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಇವನ್ನು ರೂಢಿಸಿಕೊಂಡರೆ ಕೈ ಪದೇ ಪದೇ ಮೌಸಿನತ್ತ ಹೋಗುವುದು ತಪ್ಪುತ್ತದೆ. ವೇಗವೂ ಹೆಚ್ಚುತ್ತದೆ, ಬಲಭುಜದ ಶ್ರಮವೂ ಕಡಿಮೆಯಾಗುತ್ತದೆ.

ಲೆಕ್ಕದ ಕೋಣೆಯಲ್ಲಿ ಹೆಚ್ಚು ಅಲಕ್ಷಿತವಾದ ವಸ್ತು ಬಿಲ್ಲಿನ ಕಟ್ಟು. ಅದು ಎಡಗಡೆ ಮೇಜಿನ ಮೇಲೆ ಮಲಗಿದ್ದರೆ ಪ್ರತಿ ಬಿಲ್ಲಿಗೂ ಕತ್ತು ಹಲವು ಸಲ ತಿರುಗಿ ಬಾಗಬೇಕಾಗುತ್ತದೆ. ಪರದೆ ಮತ್ತು ಕೀಲಿಮಣೆಯ ನಡುವೆ ಇಳಿಜಾರಾದ ಹಲಗೆಯೊಂದನ್ನಿಟ್ಟು ಬಿಲ್ಲುಗಳನ್ನು ಅದರ ಮೇಲೆ ಜೋಡಿಸಿದರೆ ಕಣ್ಣು ಮಾತ್ರ ಚಲಿಸುತ್ತದೆ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಮುನೀಮರ ಹಳೆಯ ಡೆಸ್ಕಿನ ಹಲಗೆಯೇ ಇದಕ್ಕೆ ಸಾಕಾಗುತ್ತದೆ. ಗಾದಿ ಹೋದರೂ ಅದರ ಇಳಿಜಾರನ್ನು ಹೀಗೆ ಮರಳಿ ಪಡೆಯಬಹುದು.

ಬೆಳಕು, ಬಿಸಿಲು, ಧೂಳು

ಬೀದರ, ಭಾಲ್ಕಿ, ಔರಾದದ ಅಂಗಡಿಗಳ ಮುಂಭಾಗ ರಸ್ತೆಗೆ ಪೂರ್ತಿ ತೆರೆದಿರುತ್ತದೆ. ಪರದೆ ರಸ್ತೆಗೆ ಮುಖ ಮಾಡಿದ್ದರೆ ಹೊರಗಿನ ಬಿಸಿಲು ಅದರಲ್ಲಿ ಪ್ರತಿಫಲಿಸುತ್ತದೆ. ಕುಳಿತವರು ರಸ್ತೆಗೆ ಮುಖ ಮಾಡಿದ್ದರೆ ಪ್ರಖರ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಬಾಗಿಲು ಕುಳಿತವರ ಎಡಕ್ಕೆ ಅಥವಾ ಬಲಕ್ಕೆ ಬರುವಂತೆ ಮೇಜನ್ನು ಅಡ್ಡಲಾಗಿ ಇಡುವುದು ಲೇಸು. ಬಿಲ್ಲು ಓದಲು ಸಾಕಷ್ಟು ಬೆಳಕು ಬೇಕಾಗಿದ್ದರೂ ಟ್ಯೂಬ್‌ಲೈಟಿನ ಬಿಂಬ ಪರದೆಯಲ್ಲಿ ಕಾಣಿಸಬಾರದು. ಯಂತ್ರವನ್ನು ಬಂದ್ ಮಾಡಿ ಕಪ್ಪು ಪರದೆಯನ್ನು ನೋಡಿದರೆ ಯಾವ ಬಿಂಬ ಎಲ್ಲಿಂದ ಬರುತ್ತಿದೆ ಎಂಬುದು ತಕ್ಷಣ ತಿಳಿಯುತ್ತದೆ.

ಬೇಸಿಗೆಯಲ್ಲಿ ಫ್ಯಾನು ಅಥವಾ ಕೂಲರಿನ ಗಾಳಿ ನೇರವಾಗಿ ಮುಖಕ್ಕೆ ಬೀಸಿದರೆ ಕಣ್ಣು ಬೇಗ ಒಣಗುತ್ತದೆ. ಪರದೆ ನೋಡುವಾಗ ಮನುಷ್ಯನು ರೆಪ್ಪೆ ಮಿಟುಕಿಸುವುದೇ ಕಡಿಮೆಯಾದ್ದರಿಂದ ಉರಿ ಇನ್ನಷ್ಟು ಹೆಚ್ಚುತ್ತದೆ. ಗಾಳಿಯ ದಿಕ್ಕನ್ನು ಬದಿಗೆ ತಿರುಗಿಸಬೇಕು. ತೊಗರಿ, ಉದ್ದು, ಹೆಸರು, ಸೋಯಾಬೀನ್ ಆವಕದ ದಿನಗಳಲ್ಲಿ ಗಂಜಿನ ಧೂಳು ಪರದೆಯನ್ನು ಮಬ್ಬಾಗಿಸುವುದರಿಂದ ದಿನಕ್ಕೊಮ್ಮೆ ಒಣಬಟ್ಟೆಯಿಂದ ಒರೆಸುವುದು ಅಗತ್ಯ.

ಕೊಳಾರ ಕೈಗಾರಿಕಾ ಪ್ರದೇಶದಂತಹ ಕಡೆ ಇರುವ ಸಣ್ಣ ಕಾರ್ಖಾನೆಗಳಲ್ಲಿ, ದಾಲ್ ಮಿಲ್ಲುಗಳಲ್ಲಿ ಗೇಟು ಅಥವಾ ತೂಕದ ಕಟ್ಟೆಯ ಬಳಿ ನಿಂತೇ ನಮೂದಿಸುವ ಪದ್ಧತಿಯಿದೆ. ಅಂತಹ ಕಡೆ ಕೀಲಿಮಣೆಯು ನಿಂತವರ ಮೊಣಕೈ ಮಟ್ಟದಲ್ಲಿರಬೇಕು. ಲಾರಿಗಳ ನಡುವಿನ ಬಿಡುವಿನಲ್ಲಿ ಕುಳಿತುಕೊಳ್ಳಲು ಎತ್ತರದ ಸ್ಟೂಲು ಇರಬೇಕು. ನಿಂತು ದುಡಿಯುವವರಿಗೆ ಆಸನ ಒದಗಿಸಬೇಕೆಂಬುದು 1948ರ ಕಾರ್ಖಾನೆಗಳ ಕಾಯ್ದೆಯಲ್ಲಿಯೇ ಇದ್ದ ತತ್ತ್ವ. ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು ಅಂಗಡಿಯ ನೌಕರರಿಗೂ ಕುಳಿತುಕೊಳ್ಳುವ ಹಕ್ಕನ್ನು ನೀಡಿದವು.

ವೇಳೆಯ ಹಂಚಿಕೆ

ಎಷ್ಟೇ ಒಳ್ಳೆಯ ಕುರ್ಚಿಯಾದರೂ ಸತತ ಐದು ಗಂಟೆ ಕುಳಿತರೆ ನೋವು ತಪ್ಪದು. ಮಾಸಿಕ ಸಲ್ಲಿಕೆದಾರರಿಗೆ ಜಿ.ಎಸ್.ಟಿ.ಆರ್-1ಕ್ಕೆ 11ನೆಯ ತಾರೀಖು, 3ಬಿಗೆ 20ನೆಯ ತಾರೀಖು ಕೊನೆಯ ದಿನ. ಆ ದಿನಗಳ ಹಿಂದಿನ ರಾತ್ರಿ ಅಂಗಡಿಯ ಷಟರ್ ಎಳೆದ ಮೇಲೂ ಒಳಗೆ ದೀಪ ಉರಿಯುತ್ತಿರುವುದು ಪರಿಚಿತ ದೃಶ್ಯ. ತಿಂಗಳಿಗೆ 300 ಬಿಲ್ಲುಗಳಿವೆ, ಒಂದೊಂದಕ್ಕೆ 3 ನಿಮಿಷ ಬೇಕು ಎಂದುಕೊಂಡರೆ ಒಟ್ಟು 15 ಗಂಟೆಗಳ ಕೆಲಸ. ಅದನ್ನು 25 ದಿನಗಳಿಗೆ ಹಂಚಿದರೆ ದಿನಕ್ಕೆ 12 ಬಿಲ್ಲು, 36 ನಿಮಿಷ. ಕೊನೆಯ ಎರಡು ದಿನಗಳಿಗೆ ಬಿಟ್ಟರೆ ಅದೇ ಕೆಲಸ ದೇಹಕ್ಕೆ ಶಿಕ್ಷೆಯಾಗುತ್ತದೆ. ಅಂದಿನ ಕಿರ್ದಿಯನ್ನು ಅಂದೇ ಮುಗಿಸಬೇಕೆಂಬ ಹಿರಿಯರ ಕಟ್ಟುಪಾಡು ಲೆಕ್ಕದ ಶಿಸ್ತಿಗಷ್ಟೇ ಅಲ್ಲ, ಆರೋಗ್ಯಕ್ಕೂ ಹಿತಕರ.

ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಕಣ್ಣಿಗೆ ವಿಶ್ರಾಂತಿ. ಎದುರು ಅಂಗಡಿಯ ಫಲಕವೇ ಇದಕ್ಕೆ ಸಾಕು. ಅರ್ಧ ಅಥವಾ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ನೀರಿನ ಹೂಜಿ ಮತ್ತು ಪ್ರಿಂಟರನ್ನು ಕೈಗೆಟುಕದಂತೆ ಸ್ವಲ್ಪ ದೂರ ಇಟ್ಟರೆ ಏಳುವುದು ತಾನಾಗಿಯೇ ನಡೆಯುತ್ತದೆ. ಬೆರಳುಗಳು ಜೋಮು ಹಿಡಿಯುವುದು, ರಾತ್ರಿ ಕೈನೋವಿನಿಂದ ಎಚ್ಚರವಾಗುವುದು, ಹಿಡಿತ ಸಡಿಲವಾಗುವುದು ಕಂಡುಬಂದರೆ ಮುಲಾಮು ಹಚ್ಚಿ ದಿನ ದೂಡದೆ ವೈದ್ಯರನ್ನು ಕಾಣಬೇಕು.

ಖರ್ಚು ಮತ್ತು ತೆರಿಗೆಯ ಲೆಕ್ಕ

ವ್ಯವಹಾರದ ಉಪಯೋಗಕ್ಕಾಗಿ ಕೊಂಡ ಕುರ್ಚಿ-ಮೇಜುಗಳ ಮೇಲಿನ ಜಿ.ಎಸ್.ಟಿ.ಗೆ, ನಿಯಮಿತ ತೆರಿಗೆದಾರರು ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಉದಾಹರಣೆಗೆ 8,000 ರೂ. ಬೆಲೆಯ ಕುರ್ಚಿಗೆ ಶೇ. 18ರಂತೆ 1,440 ರೂ. ತೆರಿಗೆ ಸೇರಿ 9,440 ರೂ. ಆಗುತ್ತದೆ. ಇದರಲ್ಲಿ 1,440 ರೂ. ಜಮೆಯಾಗಿ, ಉಳಿದ 8,000 ರೂ. ಆಸ್ತಿಯ ಮೌಲ್ಯವಾಗುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಪೀಠೋಪಕರಣಕ್ಕೆ ವಾರ್ಷಿಕ ಶೇ. 10, ಗಣಕಯಂತ್ರಕ್ಕೆ ಶೇ. 40 ಸವಕಳಿ ದೊರೆಯುತ್ತದೆ. ಅಂದರೆ ಈ ಕುರ್ಚಿಗೆ ಮೊದಲ ವರ್ಷ 800 ರೂ.; ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ 400 ರೂ. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡತಕ್ಕದ್ದು.

1. ಬಿಲ್ಲಿನಲ್ಲಿ ಅಂಗಡಿಯ ನೋಂದಣಿ ಸಂಖ್ಯೆ ಇರಬೇಕು. ಹೈದರಾಬಾದಿನಿಂದ ಅಥವಾ ಉದಗೀರದಿಂದ ಕೊಂಡರೂ ಖರೀದಿದಾರರ ಸಂಖ್ಯೆ ಕರ್ನಾಟಕದ 29ರಿಂದಲೇ ಪ್ರಾರಂಭವಾಗಿರಬೇಕು. ಅಂತಹ ಬಿಲ್ಲಿನಲ್ಲಿ ಐ.ಜಿ.ಎಸ್.ಟಿ. ಬೀಳುತ್ತದೆ, ಅದಕ್ಕೂ ಜಮೆ ಇದೆ.

2. ತೆರಿಗೆಯ ಮೊತ್ತಕ್ಕೆ ಜಮೆ ಪಡೆದರೆ ಅದರ ಮೇಲೆ ಸವಕಳಿ ಪಡೆಯುವಂತಿಲ್ಲ. ಎರಡರಲ್ಲಿ ಒಂದು ಮಾತ್ರ.

3. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದು ನೀಡಿ ಕೊಂಡ ಆಸ್ತಿಯ ಆ ವೆಚ್ಚವು ಸವಕಳಿಗೆ ಪರಿಗಣಿತವಾಗುವುದಿಲ್ಲ. ಎರಡು ಕುರ್ಚಿ ಕೊಳ್ಳುವವರು ಬ್ಯಾಂಕಿನ ಮೂಲಕವೇ ಪಾವತಿ ಮಾಡಬೇಕು.

4. ರಾಜಿ ತೆರಿಗೆ ಪದ್ಧತಿಯವರಿಗೆ ಹೂಡುವಳಿ ತೆರಿಗೆಯ ಜಮೆ ಇಲ್ಲ. ಪೂರ್ತಿ 9,440 ರೂ. ಅವರ ವೆಚ್ಚ. ಅಂದಾಜು ಲಾಭದ ಆಧಾರದ ಮೇಲೆ ಆದಾಯ ತೆರಿಗೆ ಕಟ್ಟುವವರು ಸವಕಳಿಯನ್ನು ಬೇರೆಯಾಗಿ ಕೇಳುವಂತಿಲ್ಲ.

ಎಲ್ಲವನ್ನೂ ಒಮ್ಮೆಲೇ ಕೊಳ್ಳಬೇಕಾಗಿಲ್ಲ. ಕಾಲಿನ ಜಾಗ ತೆರವು ಮಾಡುವುದು, ಮೇಜನ್ನು ಅಡ್ಡ ತಿರುಗಿಸುವುದು, ಪರದೆಯ ಎತ್ತರ ಸರಿಪಡಿಸುವುದು, ಪಾದಕ್ಕೊಂದು ಮಣೆ, ಬಿಲ್ಲಿಗೊಂದು ಹಲಗೆ: ಇವು ಖರ್ಚಿಲ್ಲದ ಅಥವಾ ಅತ್ಯಲ್ಪ ಖರ್ಚಿನ ಕೆಲಸಗಳು. ಹಣ ವಿನಿಯೋಗಿಸುವುದಾದರೆ ಮೊದಲು ಕುರ್ಚಿಗೆ, ನಂತರ ಪ್ರತ್ಯೇಕ ಕೀಲಿಮಣೆಗೆ, ಆಮೇಲೆ ಮೇಜಿಗೆ. ಕುರ್ಚಿಯನ್ನು ಕೊಳ್ಳುವಾಗ ಅದರಲ್ಲಿ ಕುಳಿತುಕೊಳ್ಳಬೇಕಾದವರನ್ನೇ ಅಂಗಡಿಗೆ ಕರೆದೊಯ್ದು, ಹತ್ತು ನಿಮಿಷ ಕೂರಿಸಿ ನೋಡಿ ಕೊಳ್ಳುವುದು ಸರಿಯಾದ ಕ್ರಮ.

ತಕ್ಕಡಿಯ ಮುಳ್ಳು ಸರಿಯಿದೆಯೇ ಎಂದು ಪ್ರತಿದಿನ ನೋಡುವ ವರ್ತಕರು, ಲೆಕ್ಕ ಬರೆಯುವವರು ಹೇಗೆ ಕುಳಿತಿದ್ದಾರೆ ಎಂಬುದನ್ನು ತಿಂಗಳಿಗೊಮ್ಮೆಯಾದರೂ ನೋಡಬೇಕು. ತಕ್ಕಡಿ ತಪ್ಪಿದರೆ ಒಂದು ತೂಕ ತಪ್ಪುತ್ತದೆ. ಲೆಕ್ಕದವರು ದಣಿದರೆ ಇಡೀ ತಿಂಗಳ ಲೆಕ್ಕ ತಪ್ಪುತ್ತದೆ.